ಎರಡೆಲೆ ನೋಡಿ ಕೆಳಗಿಡುವುದು

ಗಣಿತ ಕಲಿಸುವವನಿಗೆ ಒಂದು ಕೆಟ್ಟ ಚಟ ಅಂಟಿಕೊಳ್ಳುತ್ತದೆ, ಕೇಳಿದ್ದಕ್ಕೆಲ್ಲ ಉತ್ತರ ಕೊಡುವುದು. ಮದುವೆಯ ಮುಹೂರ್ತವಿರಲಿ, ಕೆಟ್ಟ ಮಿಕ್ಸಿಯಿರಲಿ, ಯಾರು ಏನು ಕೇಳಿದರೂ ಕನ್ನಡಕ ಸರಿಮಾಡಿಕೊಂಡು ಏನಾದರೊಂದು ಹೇಳಿಯೇ ಬಿಡುತ್ತೇನೆ. ನನ್ನ ಹೆಂಡತಿ ಮಾತ್ರ ಇಪ್ಪತ್ತು ವರ್ಷದಿಂದ ನನ್ನನ್ನು ಏನೂ ಕೇಳಿಲ್ಲ. ಅವಳ ಆರೋಗ್ಯ ಚೆನ್ನಾಗಿದೆ.

ಸಿದ್ದಾಪುರ ಪೇಟೆಯಲ್ಲಿ ದರ್ಜಿ ನಾರಾಯಣನ ಅಂಗಡಿ, ಹಿಂದೆಯೇ ಮನೆ. ಭಾನುವಾರ ಮಧ್ಯಾಹ್ನ ಅಲ್ಲಿ ನಾವು ಮೂವರು ಇಸ್ಪೀಟಿಗೆ ಕೂರುತ್ತಿದ್ದೆವು. ಮೂರನೆಯವರು ಹಾನಗಲ್ ಕಡೆಯ ಬಸಣ್ಣ, ನಿವೃತ್ತ ಬಸ್ ಕಂಡಕ್ಟರ್. ಮೊಬೈಲ್ ನೋಡಿ ಪೋಕರ್ ಕಲಿತು ಅವರಿಬ್ಬರಿಗೂ ಕಲಿಸಿದವನು ನಾನೇ. ಪಣಕ್ಕೆ ಅಂಗಿಯ ಗುಂಡಿಗಳು. ಮೊದಲು ಕೈಗೆ ಎರಡೇ ಎಲೆ ಬರುತ್ತವೆ. ಎಲ್ಲರಿಗೂ ಸೇರಿದ ಐದು ಎಲೆ ಆಮೇಲೆ ನಡುವೆ ಬಿಚ್ಚಿಕೊಳ್ಳುತ್ತವೆ. ಆಟ ಕೆಡುವುದು ಮೊದಲ ಸುತ್ತಿನಲ್ಲೇ ಎಂದು ಪಾಠ ಮಾಡಿದ್ದೆ. ಜೋಡಿಯೋ, ಎಕ್ಕ-ರಾಜನಂಥ ದೊಡ್ಡ ಎಲೆಯೋ ಬಂದರೆ ಪಣ ಏರಿಸಬೇಕು, ಇಲ್ಲವಾದರೆ ಆಗಲೇ ಎಲೆ ಕೆಳಗಿಟ್ಟು ಆ ಆಟ ಬಿಡಬೇಕು. ಮೊದಲ ಸರದಿಯವನು ಇನ್ನೂ ಬಿಗಿಯಾಗಿರಬೇಕು, ಏಕೆಂದರೆ ಉಳಿದವರು ಏನು ಮಾಡುತ್ತಾರೋ ಅವನಿಗೆ ತಿಳಿಯದು. ಸುಮ್ಮನೆ ಒಂದು ಗುಂಡಿ ಹಾಕಿ ಮುಂದೇನು ಬರುತ್ತದೋ ನೋಡೋಣ ಎನ್ನುವುದು ಎಲ್ಲಕ್ಕಿಂತ ಕೆಟ್ಟದ್ದು.

ನಾರಾಯಣ ಒಂದು ಆಟವನ್ನೂ ಬಿಡುತ್ತಿರಲಿಲ್ಲ. “ಬಂದವ್ರನ್ನ ಹಾಂಗೇ ಕಳ್ಸೂದು ಹೆಂಗೆ ಮಾಸ್ತರ್ರೇ? ಎಲೆ ಆದ್ರೂ ಅಷ್ಟೇಯ” ಎನ್ನುತ್ತಿದ್ದ. ಒಳ್ಳೆಯ ಎಲೆ ಬಂದರೆ ತನಗೇ ತಿಳಿಯದಂತೆ ಯಕ್ಷಗಾನದ ಪದ ಗುನುಗುತ್ತಿದ್ದ. ನಾವಿಬ್ಬರೂ ಕೂಡಲೇ ಎಲೆ ಕೆಳಗಿಡುತ್ತಿದ್ದೆವು.

ಕಳೆದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಅವನ ಗಂಟಲು ಕಟ್ಟಿತು. ತಿಂಗಳಾದರೂ ಬಿಡಲಿಲ್ಲ. ಒಂದು ಭಾನುವಾರ ಎಲೆ ಕಲೆಸುತ್ತ ಕೇಳಿದ: “ಶಿರಸಿ ಡಾಕ್ಟ್ರು ಹುಬ್ಬಳ್ಳಿಗೆ ಹೋಗಿ ಅಂದ್ರು. ಗಂಟಲೊಳಗಿಂದ ಚೂರು ತೆಗ್ದು ಪರೀಕ್ಷೆ ಮಾಡ್ಬೇಕಂತೆ. ಎಂತ ಮಾಡೂದು ಮಾಸ್ತರ್ರೇ?”

ನಾನು ಕನ್ನಡಕ ಸರಿಮಾಡಿಕೊಂಡೆ. “ಅವಸರ ಎಂತಕ್ಕೆ ಮಾರಾಯ? ಒಂದೆರಡು ತಿಂಗ್ಳು ಕಷಾಯ ಕುಡಿ, ನೋಡುವ.”

“ಡಾಕ್ಟರ್ ಹೇಳ್ಯಾರಂದ್ರ ಹೋಗಿಬರ್ರಿ” ಎಂದರು ಬಸಣ್ಣ. “ಮುಂಜಾನೆ ಬಸ್ ಐತಿ.”

ಎಲ್ಲದಕ್ಕೂ ಟಿಕೆಟ್ ಹರಿಯಬೇಡಿ ಎಂದೆ ನಾನು. ಮೂವರೂ ನಕ್ಕೆವು. ಆ ನಗು ಈಗಲೂ ನನ್ನ ಕಿವಿಯಲ್ಲಿದೆ, ಅದರಲ್ಲಿ ನಾರಾಯಣನದೂ ಇತ್ತು.

ಮೂರು ತಿಂಗಳ ನಂತರ ಉಸಿರು ಸಿಕ್ಕಿಕೊಂಡಾಗ ಅವನನ್ನು ಹುಬ್ಬಳ್ಳಿಗೆ ಒಯ್ದರು. ಗಡ್ಡೆ ಬೆಳೆದುಬಿಟ್ಟಿತ್ತು. ಧ್ವನಿಪೆಟ್ಟಿಗೆಯನ್ನೇ ತೆಗೆದು, ಉಸಿರಾಡಲು ಕತ್ತಿನಲ್ಲಿ ತೂತು ಮಾಡಿ ಕಳಿಸಿದರು. ಮೊದಲೇ ಬಂದಿದ್ದರೆ ಧ್ವನಿ ಉಳಿಯುತ್ತಿತ್ತೇನೋ ಎಂದರಂತೆ.

ಅವನು ಮನೆಗೆ ಬಂದ ಮೇಲೂ ನಾಲ್ಕು ಭಾನುವಾರ ನಾನು ಆ ಬೀದಿಗೆ ಹೋಗಲಿಲ್ಲ. ಐದನೆಯದಕ್ಕೆ ಬಸಣ್ಣ ಮನೆಗೇ ಬಂದು ಎಳೆದೊಯ್ದರು. ನಾರಾಯಣ ಕತ್ತಿಗೆ ಬಿಳಿ ಬಟ್ಟೆ ಕಟ್ಟಿಕೊಂಡು, ಕರಿ ಬಟ್ಟೆಯ ತುಂಡಿನ ಮೇಲೆ ಸೀಮೆಸುಣ್ಣದಲ್ಲಿ “ಕೂರಿ” ಎಂದು ಬರೆದ. ಎಲೆ ಹಂಚಿದ. ಗುನುಗಿಲ್ಲ, ಏನೂ ಇಲ್ಲ. ಒಂದು ಗಂಟೆಯಲ್ಲಿ ನನ್ನ ಗುಂಡಿಗಳೆಲ್ಲ ಅವನ ಮುಂದಿದ್ದವು.

“ಈಗ ಇವರ ಎಲಿ ದೇವರಿಗೂ ತಿಳಿಯಂಗಿಲ್ಲ ನೋಡ್ರಿ” ಎಂದರು ಬಸಣ್ಣ. ನಾರಾಯಣನ ಭುಜ ಕುಣಿಯಿತು, ಕತ್ತಿನ ಬಟ್ಟೆ ಪಟಪಟ ಅಲುಗಿತು. ಅದು ಅವನು ನಕ್ಕಿದ್ದೆಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

ನೀರು ಕುಡಿಯುವ ನೆಪದಲ್ಲಿ ಒಳಗೆ ಹೋದೆ. ಅವನ ಹೆಂಡತಿ ಗೌರಿ ಚಹಾ ಸೋಸುತ್ತಿದ್ದರು. “ತಪ್ಪು ನಂದು ಗೌರಕ್ಕಾ, ಅವತ್ತು ನಾನೇ ಬೇಡ ಅಂದೆ” ಎಂದೆ.

ಅವರು ಸೋಸುವುದನ್ನು ನಿಲ್ಲಿಸಲಿಲ್ಲ. “ನೀವು ಹೇಳಿದ್ದು ಅವ್ರು ಯಾವಾಗ ಕೇಳಿದ್ರು? ಹೆದ್ರಿಕೆ ಅವ್ರಿಗೆ. ನಾನು ಹೋಗುವಾ ಅಂದಾಗೆಲ್ಲ ಮಾಸ್ತರ್ರು ಬೇಡ ಅಂದ್ರು ಅಂತಿದ್ರು. ನೀವು ಹೋಗು ಅಂದಿದ್ರೆ ಮತ್ತೊಬ್ರನ್ನ ಕೇಳ್ತಿದ್ರು.”

ಎದೆಯ ಭಾರ ಇಳಿಯಿತು. ಎರಡು ಲೋಟ ಚಹಾ ಕುಡಿದೆ. ಬಸ್ ಸ್ಟ್ಯಾಂಡ್ ತಿರುವಿಗೆ ಬರುವಷ್ಟರಲ್ಲಿ ಆ ಹಗುರ ಹೋಗಿತ್ತು. ಹೆದರಿದವನು ತಪ್ಪಿಸಿಕೊಳ್ಳಲು ಒಂದು ಮಾತು ಹುಡುಕುತ್ತಿದ್ದ. ಅದನ್ನು ಕೈಗಿತ್ತವನು ನಾನು. ಗಂಟಲಿನ ವಿಷಯ ನನಗೇನು ಗೊತ್ತಿತ್ತು? ಗೊತ್ತಿಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಹಾಗೆ ಹೇಳಿದವರನ್ನು ಮೂವತ್ತು ವರ್ಷ ಬೆಂಚಿನ ಮೇಲೆ ನಿಲ್ಲಿಸಿದವನು ನಾನು.