ಕಾಲೂರದೆ ಗೆದ್ದ ಸೈಕಲ್ಲು

ವರ್ಲ್ ತಾತ ತೀರಿಕೊಂಡ ಸುದ್ದಿ ಅಮೆರಿಕದ ಯೂಟಾದ ಆ ಪುಟ್ಟ ಊರಿಗೆ ತಿಳಿದ ದಿನ ಲಮಾರನಿಗೆ ದುಃಖವಾಯಿತು, ಸುಳ್ಳಲ್ಲ. ದುಃಖದ ಬೆನ್ನಿಗೇ ಆಸೆಯೂ ಹುಟ್ಟಿತು. ಕೆಂಪು ಬಂಡೆಗಳ ಕಣಿವೆಯಲ್ಲಿ, ತೊರೆಯ ಪಕ್ಕಕ್ಕೇ, ಸೈಕಲ್ ದಾರಿ ಕಡಿದು ಅದನ್ನು ಕಾಯುತ್ತಿದ್ದವರು ಆ ತಾತ. ಅವರ ನೀಲಿ ಸೈಕಲ್ಲಿನ ಮೇಲೆ ಲಮಾರನಿಗೆ ಬಹುಕಾಲದಿಂದ ಕಣ್ಣು. ಶಾಲೆಯ ಬಸ್ಸು ಓಡಿಸುವುದು ಅವನ ಕೆಲಸ; ಅವನ ಸ್ವಂತ ಸೈಕಲ್ಲು ಏರು ಕಂಡರೆ ಮುದಿ ಬೆಕ್ಕಿನಂತೆ ನರಳುತ್ತಿತ್ತು.

ಮಣ್ಣು ಮುಗಿಸಿ ಬಂದವರಿಗೆ ಚರ್ಚಿನ ಹೆಂಗಸರು ಚೀಸಿನಲ್ಲಿ ಬೇಯಿಸಿದ ಆಲೂಗಡ್ಡೆ ಬಡಿಸುತ್ತಿದ್ದಾಗ ತಾತನ ಮಗಳು ಲರೂ ಎದ್ದು ನಿಂತಳು. "ಅಪ್ಪ ಹೇಳಿ ಹೋಗಿದಾರೆ. ನಾಳೆ ಎಲ್ರೂ ಸೈಕಲ್ ಮೇಲೆ ಕಣಿವೆ ಹತ್ತಿ. ಜಲಪಾತದ ತನಕ ಯಾರು ನೆಲಕ್ಕೆ ಕಾಲೂರಲ್ವೋ, ಅಪ್ಪನ ನೀಲಿ ಸೈಕಲ್ಲು ಅವ್ರಿಗೆ."

"ನೀನೂ ಬರ್ತೀಯೇನೋ ಲಮಾರ್?" ಎಂದ ಪಕ್ಕದ ಮನೆಯ ಡಿಲಾಯ್. ಊರಿಗೇ ಚುರುಕಾದ ಸವಾರ ಅವನು. "ಹೋದ್ಸಲ ನಿಂತಿದ್ದ ಸೈಕಲ್ ಮೇಲಿಂದ್ಲೇ ಬಿದ್ದೆಯಲ್ಲ."

"ಅವತ್ತು ಗಾಳಿ ಇತ್ತು."

ಮರುದಿನ ತೊರೆ ದಾಟುವಾಗ ಪಾದ ಮುಳುಗದಷ್ಟು ನೀರಿನಲ್ಲಿ ಡಿಲಾಯ್ ಕಾಲೂರಿಬಿಟ್ಟ. "ಶೂ ಒಳಗೆ ಕಲ್ಲು ಕಣಪ್ಪ." ಅವನ ಹೆಂಡತಿ ನೊರೀನ್ ಸಮತಟ್ಟು ದಾರಿಯಲ್ಲೇ ಇಳಿದಳು. "ಎಂಥ ಚೆಂದದ ಹಕ್ಕಿ ನೋಡಿ." ಹಕ್ಕಿ ಇರಲಿಲ್ಲ. ಹೀಗೇ ಒಬ್ಬೊಬ್ಬರೂ ಉದುರಿದರು.

ಲಮಾರನ ಕನ್ನಡಕ ಕೊಂಬೆಗೆ ಸಿಕ್ಕಿ ತೊರೆಯ ಪಾಲಾಯಿತು. ಜಾರುವ ಬಂಡೆಯ ಮೇಲೆ ವಾಲಿ, ಒಂದು ಮರವನ್ನು ಮದುವೆಯಾದವನಂತೆ ಅಪ್ಪಿಕೊಂಡ.

"ಕೈ ಲೆಕ್ಕಕ್ಕಿಲ್ಲ, ನಡಿ ನಡಿ," ಎಂದು ಡಿಲಾಯ್ ಹಿಂದಿನಿಂದ ನೂಕಿಯೂ ಕೊಟ್ಟ. ಎಂಥ ಒಳ್ಳೆಯ ಜನ ಎಂದು ಲಮಾರನ ಕಣ್ಣು ತೇವವಾಯಿತು.

ಜಲಪಾತದ ಬಳಿ ಲರೂ ಕಾದಿದ್ದಳು. ನೀಲಿ ಸೈಕಲ್ಲು ಕೊಟ್ಟಳು. ಆಮೇಲೆ ಕಾರಿನಿಂದ ಗುದ್ದಲಿ, ಸಲಿಕೆ, ಗರಗಸ ಇಳಿಸಿದಳು.

"ಇವೆಲ್ಲ ಯಾಕೆ?"

"ದಾರಿ ಕಾಯೋರ ಸೈಕಲ್ ತಗೊಂಡೋರೇ ಇನ್ಮೇಲೆ ದಾರಿ ನೋಡ್ಕೋಬೇಕು. ಅಪ್ಪನ ಹಾಗೇ ಪ್ರತಿ ಶನಿವಾರ. ಊರಿಗೆಲ್ಲ ಗೊತ್ತಲ್ಲ?"

"ಅವ್ನಿಗೆ ಹೇಗೆ ಗೊತ್ತಾಗ್ಬೇಕು," ಎಂದಳು ನೊರೀನ್. "ದಾರಿ ರಿಪೇರಿ ದಿನ ಒಂದ್ಸಲವಾದ್ರೂ ಬಂದಿದ್ನಾ?"

ಈಗ ಶನಿವಾರ ಲಮಾರ್ ಅಗೆಯುತ್ತಾನೆ. ಭಾನುವಾರ ದೇವರ ದಿನ, ಯಾರೂ ಸೈಕಲ್ಲು ಮುಟ್ಟುವುದಿಲ್ಲ. ಮಿಕ್ಕ ದಿನ ಬಸ್ಸು. ನೀಲಿ ಸೈಕಲ್ಲು ಗೋಡೆಯ ಮೇಲಿದೆ. ಡಿಲಾಯ್ "ದಾರಿ ಬೆಣ್ಣೆ ಇದ್ದಂಗಿದೆ ಕಣೋ" ಎನ್ನುತ್ತ ಪಕ್ಕದಲ್ಲೇ ಹಾರಿಹೋಗುವಾಗ ಲಮಾರ್ ಬೆನ್ನು ನೆಟ್ಟಗೆ ಮಾಡಿ, ಟೋಪಿ ತೆಗೆದು ಕಣ್ಣು ಮುಚ್ಚುತ್ತಾನೆ.

"ಪರಲೋಕದ ತಂದೆಯೇ, ವರ್ಲ್ ತಾತನ ಆತ್ಮಕ್ಕೆ ಶಾಂತಿ ಕೊಡು. ಅಲ್ಲಾದರೂ ಅವರಿಗೆ ಕೆಲಸವಿಲ್ಲದ ಒಂದು ಶನಿವಾರ ಸಿಗಲಿ. ಆಮೆನ್."