ಶ್ಯಾಮಣ್ಣ ಮೇಷ್ಟರ ಗೂಢಲಿಪಿ

ಮದ್ದೂರಿನ ನಿವೃತ್ತ ಕನ್ನಡ ಮೇಷ್ಟರು ಶ್ಯಾಮಣ್ಣನವರಿಗೆ ಈ ಚುನಾವಣೆಯಲ್ಲಿ ರಸ್ತೆ ಬೇಡ, ಚರಂಡಿ ಬೇಡ, ನಾಲೆಯ ನೀರೂ ಬೇಡ. ಒಂದೇ ಒಂದು ಪ್ರಶ್ನೆಗೆ ಉತ್ತರ ಸಿಕ್ಕರೆ ಸಾಕಾಗಿತ್ತು: ಫೋನಿನಲ್ಲಿ ತಾವು ಬರೆದುದನ್ನು ಸರ್ಕಾರ ಓದುತ್ತದೆಯೋ, ಇಲ್ಲವೋ?

(ಅವರು ಬಾಂಬು ತಯಾರಿಸುತ್ತಿದ್ದರೆಂದು ಯಾರೂ ಭಾವಿಸಬೇಡಿ. ಸೀಮೆಸುಣ್ಣ ಮುರಿದರೂ ಮರುಗುತ್ತಿದ್ದ ಜೀವ ಅದು.)

ಗುಟ್ಟು ಕಣ್ಣಿನದು. ಮೂರು ತಿಂಗಳ ಹಿಂದೆ ಮಂಡ್ಯದ ವೈದ್ಯರು, "ಎಡಗಣ್ಣು ಹೋಗಿದೆ. ಬಲಗಣ್ಣು ಎಷ್ಟು ದಿನವೋ ಹೇಳಲಾರೆ" ಎಂದಿದ್ದರು. ಇದನ್ನು ಮೇಷ್ಟರು ಹೆಂಡತಿ ಚೂಡಾಮಣಿಗೆ ಹೇಳಿರಲಿಲ್ಲ. ಆಕೆ ಕಣ್ಣಿಲ್ಲದ ತಂದೆಯನ್ನು ಹನ್ನೊಂದು ವರ್ಷ ಕೈಹಿಡಿದು ನಡೆಸಿದವಳು. ಮದುವೆಯಾದ ಹೊಸತರಲ್ಲಿ ಗಂಡನ ಮೊಣಕೈಯನ್ನೂ ಹಿಡಿದು, "ಇಲ್ಲೊಂದು ಕಲ್ಲಿದೆ" ಎಂದುಬಿಡುತ್ತಿದ್ದಳು. ಮುಪ್ಪಿನಲ್ಲಿ ಅವಳಿಗೆ ಮತ್ತೆ ಅದೇ ಕೆಲಸ ಹಚ್ಚುವುದೆ?

ತಿಳಿದಿದ್ದವನೊಬ್ಬನೇ, ಪೂರಿಗಾಲಿಯ ಹೊನ್ನಯ್ಯ. ಮೇಷ್ಟರ ಶಾಲೆಯಲ್ಲೇ ಇಪ್ಪತ್ತು ವರ್ಷ ಡ್ರಿಲ್ ಮಾಡಿಸಿದ ಗೆಳೆಯ. ದಿನವೂ ಸಂಜೆ ಆರಕ್ಕೆ ಮೇಷ್ಟರು ಮಹಡಿಯೇರಿ ಅವನಿಗೆ ಸಂದೇಶ ಕಳುಹಿಸುವರು. ಅಕ್ಷರ ಕಾಣದಾದ್ದರಿಂದ ಇವರು ಬಾಯಲ್ಲಿ ಹೇಳುವುದು, ಫೋನು ಬರೆದುಕೊಳ್ಳುವುದು. ವಿರಾಮಚಿಹ್ನೆಗಳ ಸಮೇತ, ಉಕ್ತಲೇಖನದ ಶಿಸ್ತಿನಲ್ಲಿ. ಅದು ಗೂಢಲಿಪಿಯಲ್ಲಿ ಹೋಗುತ್ತದೆಂದೂ ನಡುವೆ ಯಾರೂ ಓದಲಾರರೆಂದೂ ಅವರು ನಂಬಿದ್ದರು. ಆ ನಂಬಿಕೆಗೆ ಕಲ್ಲು ಹಾಕಿದವನು ಹೊನ್ನಯ್ಯನೇ.

"ಸರ್ಕಾರದೋರು ಎಲ್ಲಾನೂ ಓದ್ತರಂತೆ ಕಣಯ್ಯ. ನಿನ್ ಕಣ್ಣಿನ ಇಸ್ಯ ಇಷ್ಟೊತ್ಗೆ ಡೆಲ್ಲಿಗೋಗಿರ್ತದೆ."

"ದೆಹಲಿಗೆ ಹೋಗಲಿ ಬಿಡು. ಅಲ್ಲಿಂದ ನಮ್ಮ ಅಡುಗೆಮನೆಗೆ ಬರದಿದ್ದರೆ ಸಾಕು."

ಹಾಗಾಗಿ ಮತ ಕೇಳಲು ಬಂದವರನ್ನೆಲ್ಲ ಮೇಷ್ಟರು ಜಗುಲಿಯ ಮೇಲೆ ಕೂರಿಸಿ ಮೌಖಿಕ ಪರೀಕ್ಷೆ ಮಾಡತೊಡಗಿದರು. ಮೊದಲನೆಯ ಅಭ್ಯರ್ಥಿ ನಕ್ಕುಬಿಟ್ಟ.

"ಸಾಚಾ ಮನ್ಸನಿಗ್ ಯಾಕ್ ಸಾ ಗುಟ್ಟು? ನಾ ಗೆದ್ರೆ ಬೀದಿಗ್ ನಾಕ್ ಕ್ಯಾಮೆರಾ ಆಕುಸ್ತೀನಿ."

"ಮನೆಯೊಳಗೆ?"

"ಅದ್ಕೂ ಸಬ್ಸಿಡಿ ಕೊಡ್ಸವ ಬುಡಿ."

ಎರಡನೆಯವನು ಗೂಢಲಿಪಿಗೆ ತನ್ನ ಪಕ್ಷದ ಅಖಂಡ ಬೆಂಬಲವಿದೆಯೆಂದ. ಅದನ್ನು ಬಿಡಿಸುವ ಬೀಗದಕೈ ಒಂದು ಮಾತ್ರ ಪೊಲೀಸರ ಬಳಿ ಇರಬೇಕಂತೆ. ಮೇಷ್ಟರು ಇಬ್ಬರಿಗೂ ಸೊನ್ನೆ ಕೊಟ್ಟು, ಖಿನ್ನರಾಗಿ ಮಹಡಿಯ ಮೆಟ್ಟಿಲು ಹತ್ತಹೊರಟರು. ಪ್ರತಿ ಮೆಟ್ಟಿಲಿನ ಅಂಚಿಗೂ ಬಿಳಿ ಬಣ್ಣದ ಗೆರೆ!

"ಇದೇನೇ ಹೊಸ ಅಲಂಕಾರ?"

"ಇರುವೆ ಕಾಟ ಅಂದ್ರೆ," ಎಂದಳು ಚೂಡಾಮಣಿ.

"ಬಣ್ಣ ಬಳಿದರೆ ಇರುವೆ ಬರೋದಿಲ್ಲವೆ?"

"ಬಂದ್ರೂ ಕಾಣುತ್ತಲ್ಲ."

ಅವಳಿಗೆ ವಯಸ್ಸಾಯಿತೆಂದು ಮೇಷ್ಟರು ನಿಟ್ಟುಸಿರುಬಿಟ್ಟರು. ಬೆಳಗಾದರೆ ಪತ್ರಿಕೆಯನ್ನು ಗಟ್ಟಿಯಾಗಿ ಓದುವ ಚಾಳಿಯೂ ಈಚೆಗೆ ಅವಳಿಗೆ ಹತ್ತಿತ್ತು, ಪಾಪ.

ಮೂರನೆಯ ಅಭ್ಯರ್ಥಿ ಪುನೀತ, ಮೇಷ್ಟರ ಹಳೆಯ ಶಿಷ್ಯ. ಬಂದವನೇ ಕಾಲಿಗೆ ಬಿದ್ದ. ಪ್ರಶ್ನೆ ಕೇಳಿ ಎದೆ ಮುಟ್ಟಿಕೊಂಡ.

"ಗುಟ್ಟು ಅನ್ನೋದು ನಮ್ ಅಕ್ಕು ಮೇಷ್ಟ್ರೇ! ಸರ್ಕಾರ ನಿಮ್ ಪೋನಿಗ್ ಕೈ ಆಕುದ್ರೆ ನಾ ಸುಮ್ಕಿರಕಿಲ್ಲ. ಪ್ರಣಾಳಿಕೇಲೇ ಬರ್ದಿವ್ನಿ."

ಮೇಷ್ಟರ ಕಣ್ಣು ತುಂಬಿತು. ನೂರಕ್ಕೆ ನೂರು! ಆಶೀರ್ವಾದಕ್ಕೆ ಕೈಯೆತ್ತಿದರು. ಪುನೀತ ತನ್ನ ಕೈಯಲ್ಲಿದ್ದ ಮತದಾರರ ಪಟ್ಟಿಯತ್ತ ಕಣ್ಣಾಡಿಸಿ, ಪ್ರೀತಿಯಿಂದಲೇ ಕೇಳಿದ:

"ಎಡ್ಗಣ್ಣು ಪೂರ್ತಿ ಓಯ್ತಂತೆ? ಚಿಂತೆ ಮಾಡ್ಬೇಡಿ, ಓಟಿನ ದಿಸ ಕೈ ಇಡ್ಕೊಂಡ್ ಕರ್ಕೊಂಡೋಗಕ್ಕೆ ಜನ ಕಳುಸ್ತೀನಿ."

ಬಾಗಿಲಲ್ಲಿ ಕಾಫಿ ಹಿಡಿದು ಚೂಡಾಮಣಿ ನಿಂತಿದ್ದಳು.

"ಯಾರೋ ನಿನಗೆ ಹೇಳಿದ್ದು?" ಎತ್ತಿದ ಕೈಯನ್ನು ಮೇಷ್ಟರು ಇಳಿಸಿದರು. "ಸರ್ಕಾರವೇ? ಫೋನ್ ಕಂಪನಿಯೇ?"

"ಯಾವ್ ಸರ್ಕಾರ? ನೀವೇ ದಿನಾ ಆರ್ ಗಂಟೆಗೆ ಮಹಡಿ ಮ್ಯಾಲಿಂದ ಏಳ್ತೀರಲ್ಲ! 'ಹೊನ್ನಯ್ಯ ಅಲ್ಪವಿರಾಮ ಎಡಗಣ್ಣು ಹೋಯಿತು ಪೂರ್ಣವಿರಾಮ.' ಬೀದಿಯೋರೆಲ್ಲ ಟೀವಿ ಸವುಂಡ್ ಕಮ್ಮಿ ಮಾಡ್ಕಂಡ್ ಕೇಳ್ತರೆ. ಎದ್ರುಮನೆ ದೇವಿರಮ್ಮೋರು ಅತ್ತೇಬುಟ್ರಂತೆ."

ಮೂವತ್ನಾಲ್ಕು ವರ್ಷ ಕಡೆಯ ಬೆಂಚಿಗೆ ಮುಟ್ಟುವಂತೆ ಉಕ್ತಲೇಖನ ಹೇಳಿದ ಕಂಠಕ್ಕೆ, ಫೋನು ಅಂಗೈಯಲ್ಲೇ ಇದೆಯೆಂಬುದು ಹೊಳೆದಿರಲಿಲ್ಲ.

ಪುನೀತ ಮೆಲ್ಲನೆ ಜಾರಿಕೊಂಡ. ಚೂಡಾಮಣಿ ಗಂಡನ ಬಲಗೈಗೆ ಲೋಟವಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಿಸಿದಳು.

"ನಿನಗೂ ಗೊತ್ತಿತ್ತೆ?"

"ಮೂರು ತಿಂಗಳಿಂದ. ನನ್ನ ಹತ್ರ ಯಾವಾಗ ಹೇಳ್ತೀರೋ ಅಂತ ಕಾಯ್ತಾ ಇದ್ದೆ. ಊರಿಗೆಲ್ಲಾ ಹೇಳಿದ್ರಿ."

"ನಿನಗೆ ಮತ್ತೆ ಅದೇ ಕೆಲಸ..."

"ಅಭ್ಯಾಸ ಇರೋಳನ್ನ ಬಿಟ್ಟು ಹೊಸಬಳನ್ನ ನೋಡ್ತಿದ್ರೇನು?"

ಮೇಷ್ಟರು ಕಾಫಿ ಕುಡಿದು, ಖಾಲಿ ಲೋಟವನ್ನು ಅವಳ ಕೈಗಿಟ್ಟರು.

ಸಂಜೆ ಆರಕ್ಕೆ ಅವರು ಬಿಳಿ ಗೆರೆಗಳನ್ನು ಒಂದೊಂದಾಗಿ ತುಳಿಯುತ್ತ ಮಹಡಿಯೇರಿದರು. ಅಲ್ಲಿ ಇರುವೆ ಇರಲಿಲ್ಲ, ಎಂದೂ ಇದ್ದಿರಲಿಲ್ಲ. ಕಿಟಕಿ ಮುಚ್ಚಿ, ಫೋನನ್ನು ತುಟಿಗೆ ಹಚ್ಚಿ, "ಹೊನ್ನಯ್ಯ ಅಲ್ಪವಿರಾಮ" ಎಂದು ಪಿಸುಗುಟ್ಟಿದರು. ಅರ್ಥವಾಗಲಿಲ್ಲ, ಮತ್ತೆ ಹೇಳಿ, ಎಂದಿತು ಫೋನು. ಮತ್ತೆ ಪಿಸುಗುಟ್ಟಿದರು. ಮತ್ತೆ ಅದೇ ಉತ್ತರ.

ಎದುರುಮನೆಯ ಟೀವಿ ಸದ್ದು ಥಟ್ಟನೆ ಇಳಿಯಿತು. ಕೆಳಗಿನಿಂದ ಚೂಡಾಮಣಿ ಕೂಗಿದಳು:

"ಸ್ವಲ್ಪ ಗಟ್ಟಿಯಾಗಿ ಹೇಳೀಂದ್ರೆ! ಅದಕ್ಕೂ ಕೇಳಿಸ್ತಿಲ್ಲ, ನಮಗೂ ಕೇಳಿಸ್ತಿಲ್ಲ!"