ಸಿದ್ದಲಿಂಗೇಶನ ಮುಟುರು ಗಿಡಗಳು

ಬಾಜು ಮನೆಯ ಸುಶೀಲವ್ವ ಸಿದ್ದಲಿಂಗೇಶನ ಅಂಗಳಕ್ಕೆ ಬಂದು ಅವನ ಮೆಣಸಿನ ಗಿಡಗಳ ಎಲೆ ಹರಿದು ಹರಿದು ಗಟಾರಕ್ಕೆ ಎಸೆಯುತ್ತಿದ್ದುದನ್ನು ಕಂಡು ಅವನ ಬಾಯಲ್ಲಿದ್ದ ಬ್ರಷ್ಷು ಕೆಳಗೆ ಬಿತ್ತು.

“ಮುಟುರು ಬಿದ್ದ ಎಲಿ ಇಟ್ಕೊಂಡು ಕುಂತ್ರ ಗಿಡ ಉಳಿತಾವೇನು ತಮ್ಮಾ? ಎಲ್ಲಾ ಹರದು ಒಗದೇನಿ.”

“ಸುಶೀಲಕ್ಕ, ಆ ಎಲೀನ ನನಗ ಬೇಕಾಗಿತ್ತು.”

ರಾಣೆಬೆನ್ನೂರಿನ ಆ ಓಣಿಯಲ್ಲಿ ಹೊಲ ಇಲ್ಲದ ಮನೆಯಿಲ್ಲ. ರೋಗ ಬಿದ್ದ ಮೆಣಸಿನ ಗಿಡ ಕಂಡು ಸುಮ್ಮನಿರುವ ಮನುಷ್ಯನೂ ಇಲ್ಲ. ಸಿದ್ದಲಿಂಗೇಶನೋ ಪಿಎಚ್.ಡಿ.ಗೆಂದು ಅಂಗಳದ ಆರು ಕುಂಡ ಬ್ಯಾಡಗಿ ಮೆಣಸಿಗೆ ಕೈಯಾರೆ ಎಲೆ ಮುರುಟಿಸುವ ಈ ಮುಟುರು ರೋಗ ಹತ್ತಿಸಿ ಕೂತಿದ್ದ. ರೋಗ ಬಂದೊಡನೆ ಎಲೆಯೊಳಗಿನ ಒಂದು ಪ್ರೋಟೀನು ಸುದ್ದಿ ಹೊತ್ತು ಓಡಿ, ಮಲಗಿದ ಜೀನನ್ನು ಎಬ್ಬಿಸಬೇಕು. ಜೀನು ಎದ್ದರೆ ಗಿಡ ರೋಗದೊಡನೆ ಬಡಿದಾಡುತ್ತದೆ. ಇವನ ಗಿಡಗಳಲ್ಲಿ ಆ ಪ್ರೋಟೀನು ಯಾಕೆ ತಡ ಮಾಡುತ್ತದೆ ಎಂಬುದರಲ್ಲೇ ಮೂರು ವರ್ಷ ಕಳೆದಿತ್ತು. ಇವತ್ತು ಧಾರವಾಡದಿಂದ ಅವನ ಗೈಡು ಬಂದು ರೋಗದ ಎಲೆ ಒಯ್ಯುವವರಿದ್ದರು. ಈ ತಿಂಗಳು ಥೀಸಿಸ್ ಕೊಡದಿದ್ದರೆ ಹಾವೇರಿಯ ಕಾಲೇಜಿನಲ್ಲಿ ಸಿಗಲಿದ್ದ ನೌಕರಿ ಕೈತಪ್ಪಿದ ಹಾಗೆಯೇ.

ಪುಣ್ಯಕ್ಕೆ ಸುಶೀಲವ್ವನ ಕೈ ನಾಲ್ಕೇ ಕುಂಡ ಮುಟ್ಟಿತ್ತು. ಉಳಿದೆರಡನ್ನು ಗೋಡೆಯ ಮರೆಗೆ ಸರಿಸಿ, ಎಲೆ ಕೆಡದಂತೆ ಇಡಲು ಐಸು ತರಲು ಹೋದ. ಮರಳುವಷ್ಟರಲ್ಲಿ ಎದುರುಮನೆಯ ಜಹಾಂಗೀರ ಬೆನ್ನಿಗೆ ಪಂಪು ಏರಿಸಿಕೊಂಡು ಒಂದು ಗಿಡಕ್ಕೆ ಔಷಧದ ಸ್ನಾನ ಮಾಡಿಸಿ ನಿಂತಿದ್ದ.

“ಹೊಲಕ್ಕ ಹೊಂಟಿದ್ದೆ, ಕಣ್ಣಿಗೆ ಬಿತ್ತು. ಓಣ್ಯಾಗಿನವ್ರಿಗೆ ಇಷ್ಟೂ ಮಾಡ್ಲಿಲ್ಲಂದ್ರ ಹೆಂಗ?”

“ಚಾಚಾ, ಔಷಧ ಬಿದ್ದ ಎಲಿ ನಡಿಯೂದಿಲ್ರಿ. ಅದಕ್ಕ ರೋಗ ಇರಬೇಕ್ರಿ.”

“ರೋಗ ಇರಬೇಕಾ?” ಜಹಾಂಗೀರ ಅವನ ಹಣೆ ಮುಟ್ಟಿ ನೋಡಿದ. “ನೀ ಒಂದಿಷ್ಟು ನಿದ್ದಿ ಮಾಡಪಾ.”

ಸಿದ್ದಲಿಂಗೇಶನಿಗೆ ತಲೆ ಚಚ್ಚಿಕೊಳ್ಳುವಂತಾಯಿತು. ಕೊನೆಯ ಕುಂಡವನ್ನು ಬಚ್ಚಲಮನೆಯಲ್ಲಿಟ್ಟು ಮಧ್ಯಾಹ್ನದವರೆಗೆ ಬಾಗಿಲಲ್ಲೇ ಕೂತ. ಗೈಡನ್ನು ಕರೆತರಲು ಬಸ್‌ಸ್ಟ್ಯಾಂಡಿಗೆ ಹೊರಟಾಗ ಹಿತ್ತಲ ಮನೆಯ ಕರೆವ್ವನನ್ನು ಕಾವಲಿಗೆ ಕೂರಿಸಿದ.

“ಯಾರೂ ಮುಟ್ಟಬಾರದ ನೋಡ ಕರೆವ್ವಕ್ಕ.”

“ನಾ ಇದ್ದೇನಿ, ಹೋಗಿ ಬಾ.”

ಗೈಡಿನೊಡನೆ ಮರಳಿದಾಗ ಅಂಗಳದಲ್ಲಿ ಆರೂ ಕುಂಡ ಸಾಲಾಗಿ ನಿಂತಿದ್ದವು. ಆರರಲ್ಲೂ ದಟ್ಟ ಹಸಿರು ಗಿಡ.

“ಯಾರಿಗೂ ಮುಟ್ಟಗೊಟ್ಟಿಲ್ಲ, ನಾನ ಕಿತ್ತೆ,” ಎಂದಳು ಕರೆವ್ವ. “ನಮ್ಮ ತಮ್ಮ ಹಿತ್ತಲಕ್ಕಂತ ಮೇಡ್ಲೇರಿಯ ತನ್ನ ಹೊಲದಿಂದ ಗಿಡ ತಂದಿದ್ದ. ಹಿರ್ಯಾರು ಬರೂಹೊತ್ತಿಗೆ ಅಂಗಳ ಚಂದ ಕಾಣ್ಲಿ ಅಂತ ಹಚ್ಚಿದೆ.”

“ಹಳೇವು ಎಲ್ಲಿ ಅದಾವ?”

“ಒಲಿಗೆ ಹಾಕೇನಿ.”

ಸಿದ್ದಲಿಂಗೇಶನಿಗೆ ಅಳು ಬಂತು. ಗೈಡು ಮಾತ್ರ ಎಲೆ ತಿರುವಿ ತಿರುವಿ ನೋಡುತ್ತಿದ್ದರು.

“ನಿಮ್ಮ ತಮ್ಮನ ಕಡೆ ಮುಟುರು ಇಲ್ಲೇನವ್ವಾ?”

“ಸುತ್ತ ಹೊಲಕ್ಕೆಲ್ಲಾ ಐತ್ರಿ. ಈ ಗಿಡ ಇದ್ದ ಅವನ ಎರಡು ಸಾಲಿಗೆ ಮಾತ್ರ ನಾಕು ವರ್ಷದಿಂದ ಹತ್ತಿಲ್ಲ.”

ಗೈಡಿನ ಮುಖ ಅರಳಿತು. “ಸಿದ್ದಲಿಂಗೇಶ, ಇದರಾಗ ಆ ಪ್ರೋಟೀನು ಹೊತ್ತಿಗೆ ಸರಿಯಾಗಿ ಸುದ್ದಿ ಮುಟ್ಟಸಾಕತ್ತಿರಬೇಕು. ನಾವು ಹುಡುಕೂದು ಇದ್ನ.”

ಅವನಿಗೆ ಹೋದ ಜೀವ ಬಂದಂತಾಯಿತು. “ಹಂಗಾರ ಥೀಸಿಸ್ ಕೊಡಬಹುದಾ ಸರ್?”

“ಹಳೇದು ಬಿಡು. ಇದರ ಮ್ಯಾಲ ಮೊದಲಿಂದ ಸುರು ಮಾಡು, ಮೂರು ವರ್ಷದಾಗ ಮುಗಿತದ. ನೂರು ಕುಂಡ ಇಲ್ಲೇ ಇಟ್ಟು, ಎಲ್ಲಾಕ್ಕೂ ರೋಗ ಹತ್ತಿಸಿ ನೋಡು.”

ಅಷ್ಟರಲ್ಲಿ ಸುಶೀಲವ್ವ, ಜಹಾಂಗೀರ ಇಬ್ಬರೂ ಕಂಪೌಂಡಿನ ಆಚೆ ಬಂದು ನಿಂತಿದ್ದರು. ಸಿದ್ದಲಿಂಗೇಶನ ಮುಖ ಬಾಡಿದ್ದನ್ನು ಕಂಡು ಸುಶೀಲವ್ವ ಗೋಡೆಯ ಮೇಲಿಂದ ಬಾಗಿದಳು.

“ಅಂಜಬ್ಯಾಡ ತಮ್ಮಾ,” ಎಂದಳು. “ನೂರಲ್ಲ, ಸಾವಿರ ಕುಂಡ ಇಡು. ನಾವೆಲ್ಲಾ ಅದೀವಿ, ಒಂದು ಎಲಿಗೂ ರೋಗ ಬರಗೊಡೂದಿಲ್ಲ.”